ಲೋಹಿತಾಳ ಎಡಗೈ

ಬಡವನಹಳ್ಳಿಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿದ್ದ ಪ್ರಭುದೇವನ ಹೆಂಡತಿ ಲೋಹಿತಾ ಒಂದು ಸೋಮವಾರ ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ಅವಳ ಎಡಗೈ ಮರಗಟ್ಟಿಹೋಯಿತು. ಅಂಗೈ ಮೇಲಿದ್ದ ಇಷ್ಟಲಿಂಗ ಜಾರಿ ಮಡಿಲಿಗೆ ಬಿತ್ತು. ಬೆರಳು ಮಡಚಲು ನೋಡಿದಳು. ಅವು ಇನ್ಯಾರದೋ ಬೆರಳುಗಳಂತೆ ಸುಮ್ಮನಿದ್ದವು.

ಹಿಂದಿನ ದಿನ ಆದದ್ದು ಇಷ್ಟೇ. ಸಂಪಿನ ಮೋಟಾರ್ ರಿಪೇರಿಗೆ ಬಂದಿದ್ದ ರಂಗರಾಜು ಹಿತ್ತಲಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ. ನೀರು ಕೊಡಲು ಹೋದ ಲೋಹಿತಾ, ಬೆವರಿಗೆ ಅಂಟಿಕೊಂಡಿದ್ದ ಅವನ ಕತ್ತಿನ ಕೂದಲನ್ನೇ ನೋಡುತ್ತ ನಿಂತುಬಿಟ್ಟಳು. ಮದುವೆಯಾಗಿ ಹನ್ನೊಂದು ವರ್ಷ. ಗಂಡ ಹೊಡೆದವನಲ್ಲ, ಬೈದವನಲ್ಲ; ದೀಪ ಆರಿದ ಮೇಲೆ ಒಮ್ಮೆಯೂ ಅವಳ ಹೆಸರು ಹಿಡಿದು ಕರೆದವನೂ ಅಲ್ಲ. ಬಲಗೈಯಲ್ಲಿ ಚೊಂಬಿತ್ತು. ಎಡಗೈ ತಾನಾಗಿ ಹೋಗಿ ಆ ಕತ್ತಿನ ಮೇಲೆ ಕೂತಿತು. ರಂಗರಾಜು ತಿರುಗಲಿಲ್ಲ, ಸರಿಯಲೂ ಇಲ್ಲ. ಸ್ಪ್ಯಾನರ್ ಮಾತ್ರ ನಿಂತಿತು. ಅವಳು ಕೈ ತೆಗೆದು ತಲೆಯೆತ್ತಿದರೆ, ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಚನ್ನಮಲ್ಲಮ್ಮ. ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಮಧುಗಿರಿಯ ಡಾಕ್ಟರು ನರಗಳೆಲ್ಲ ಸರಿಯಾಗಿವೆ ಅಂದು ತುಮಕೂರಿನ ಮನೋವೈದ್ಯೆಯ ಹತ್ತಿರ ಕಳಿಸಿದರು. ಆಕೆ ಕೇಳಿದ್ದಕ್ಕೆಲ್ಲ ಪ್ರಭುದೇವನೇ ಉತ್ತರ ಹೇಳುತ್ತಿದ್ದ. ಕೊನೆಗೆ ಅವನನ್ನು ಹೊರಗೆ ಕೂರಿಸಿ, ಲೋಹಿತಾಳ ಮರಗಟ್ಟಿದ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಕೇಳಿದರು:

“ಈ ಕೈಗೆ ಏನು ಬೇಕಾಗಿತ್ತು, ಲೋಹಿತಾ?”

ತವರಲ್ಲಾಗಲಿ ಗಂಡನ ಮನೆಯಲ್ಲಾಗಲಿ, ನಿನಗೇನು ಬೇಕು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಹೇಳಿಬಿಡಬೇಕು ಅನ್ನಿಸಿತು. ಬಾಗಿಲಿನ ಗಾಜಿನಾಚೆ ಗಂಡನ ನೆರಳು ಅತ್ತಿಂದಿತ್ತ ಓಡಾಡುತ್ತಿತ್ತು.

“ಏನೂ ಬೇಕಿರ್ಲಿಲ್ಲ ಮೇಡಂ,” ಅಂದಳು.

ವಾರ ಬಿಟ್ಟು ಬರಲು ಹೇಳಿದ್ದರು. ಪ್ರಭುದೇವ ಮತ್ತೆ ಕರೆದೊಯ್ಯಲಿಲ್ಲ; ಇವಳೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಸೊಸೆಯ ಕೈಗೆ ಹರಳೆಣ್ಣೆ ತಿಕ್ಕುತ್ತ ಚನ್ನಮಲ್ಲಮ್ಮ, ಮುಖ ನೋಡದೆ, ಮಾತು ತೆಗೆದರು.

“ನಂಗೂ ಇಂಗೇ ಆಗಿತ್ತು ಕಣಮ್ಮ. ಕೈಯಲ್ಲ, ಕಣ್ಣು. ಎಂಟು ತಿಂಗ್ಳು ಎದುರಿಗಿದ್ದೋರೂ ಕಾಣ್ತಿರ್ಲಿಲ್ಲ.”

ಆಗ ನೋಡಬಾರದೆಂದುಕೊಂಡದ್ದು ಯಾರನ್ನು ಎಂದು ಲೋಹಿತಾ ಮೆಲ್ಲಗೆ ಕೇಳಿದಳು.

“ನೆಪ್ಪಿಲ್ಲ ಬುಡು,” ಅಂದರು ಅತ್ತೆ. “ನೆಪ್ಪು ಹೋದ್ಮೇಲೇನೇ ಕಣ್ಣು ಬಂದದ್ದು.”

ದೀಪಾವಳಿಯ ಹೊತ್ತಿಗೆ ಬೆರಳುಗಳು ಆಡತೊಡಗಿದವು. ಪ್ರಭುದೇವ ಎಣ್ಣೆಯ ಗುಣವನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಮಾಘದಲ್ಲಿ ಮೋಟಾರ್ ಮತ್ತೆ ಕೆಟ್ಟು ರಂಗರಾಜು ಬಂದ. ಲೋಹಿತಾ ನೀರು ಕೊಟ್ಟಳು. ಅವನು ಕುಡಿದು, ಚೊಂಬು ಕೈಯಲ್ಲೇ ಹಿಡಿದು, ಏನನ್ನೋ ಕಾಯುವವನಂತೆ ಅವಳನ್ನೇ ನೋಡಿದ. ಯಾಕೆ ಹಾಗೆ ನೋಡುತ್ತಿದ್ದಾನೆಂದು ಅವಳಿಗೆ ನಿಜಕ್ಕೂ ಹೊಳೆಯಲಿಲ್ಲ. ಇನ್ನೂ ನೀರು ಬೇಕೇ ಎಂದು ಕೇಳಿದಳು.