ರಾಯರ ಶೆಂಡಿಗೆ ಬಿದ್ದ ಮೀನು

ಪಂಢರಿನಾಥರಾಯರು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಮೀನಿನ ಬುಟ್ಟಿ ಹೊತ್ತವಳು ಎದುರು ಬಂದರೆ ಓಣಿ ಬದಲಿಸುವ ಪೈಕಿ. ಅಂಥವರು ಆ ರವಿವಾರ ಗರಗ ಊರಿನಾಚೆಯ ಹಳ್ಳದ ದಂಡೆಯಲ್ಲಿ ತಮ್ಮ ಕಚೇರಿಯ ಇಂಗ್ಲಿಷ್ ಸಾಹೇಬನ ಮೀನುಬುಟ್ಟಿ ಹಿಡಿದು ನಿಂತಿದ್ದರು ಅಂದರೆ ಕಾರಣ ಸಣ್ಣದಲ್ಲ. ಹುಬ್ಬಳ್ಳಿ ಕಚೇರಿಯಲ್ಲಿ ಅವ್ವಲ್ ಕಾರಕೂನನ, ಅಂದರೆ ಹಿರೇ ಗುಮಾಸ್ತನ, ಜಾಗ ಖಾಲಿಯಾಗಿತ್ತು. ಧಾರವಾಡದಿಂದ ಒಬ್ಬರು ಹೋಗಬೇಕು: ರಾಯರು, ಇಲ್ಲವೇ ಪಕ್ಕದ ಮೇಜಿನ ಬೋಳುತಲೆಯ ಯಜ್ಞೇಶ್ವರ. ನೇಮಕದ ಹುಕುಮು ಸಾಹೇಬನ ಚೀಲದಲ್ಲೇ ಇತ್ತು, ಹೆಸರಿನ ಜಾಗ ಮಾತ್ರ ಖಾಲಿ. ಹನ್ನೊಂದು ವರ್ಷದಿಂದ ಆ ಕುರ್ಚಿಗಾಗಿ ಬಾಯಿ ಬಿಡುತ್ತಿದ್ದ ರಾಯರು, “ಮೀನಿನ ಯಾದಿ ಬರಿಯಾಕ ನಾ ಬರ್ತೇನ್ರಿ” ಎಂದು ತಾವಾಗಿಯೇ ಮುಂದೆ ಬಿದ್ದಿದ್ದರು. ಯಜ್ಞೇಶ್ವರ ಮನೆಯಲ್ಲಿ ಆರಾಮಾಗಿ ಮಲಗಿದ್ದ.

ಸಾಹೇಬನ ಪಂತ ಒಂದೇ: ಸಂಜೆಯೊಳಗೆ ಐದು ಜಾತಿಯ ಮೀನು. ಗಾಳಕ್ಕೆ ಹುಳ ಚುಚ್ಚುವುದು ಅವನ ಪ್ರಕಾರ ಹಲಕಟ್ಟು ಕೆಲಸ. ಕೋಳಿಪುಕ್ಕಕ್ಕೆ ರೇಶ್ಮೆ ದಾರ ಸುತ್ತಿ ಸುಳ್ಳು ನೊಣ ಕಟ್ಟಿ, ಉದ್ದನೆಯ ಕೋಲು ಬೀಸಿ ನೀರ ಮೇಲೆ ಕುಣಿಸುತ್ತಿದ್ದ.

ದಾರಿ ತೋರಿಸಲು ಬಂದಿದ್ದ ಊರ ರೈತ ಲಕ್ಕಪ್ಪನಿಗೆ ತಡೆಯಲಿಲ್ಲ. “ರಾಯರ, ಎರಿಹುಳ ಚುಚ್ಚಿದ್ರ ಅರ್ಧಾ ತಾಸಿನ್ಯಾಗ ಬುಟ್ಟಿ ತುಂಬತೈತ್ರಿ. ಪುಕ್ಕಾ ತೋರ್ಸಿ ಮೀನಕ್ಕ ಯಾಕ ಸುಳ್ಳು ಹೇಳಾಕತ್ತಾರ್ರಿ?”

“ಸುಮ್ನಿರೋ ಮಾರಾಯಾ. ಸರಕಾರದ ಪದ್ಧತಿ ಅದು.”

ಮಧ್ಯಾಹ್ನಕ್ಕೆ ನಾಲ್ಕು ಜಾತಿ ಬಿದ್ದವು. ಸಾಹೇಬ ಇಂಗ್ಲಿಷ್ ಹೆಸರು ಹೇಳಿದ, ಲಕ್ಕಪ್ಪ ಊರ ಹೆಸರು ಹೇಳಿದ. ರಾಯರು ಮೂಗಿಗೆ ಧೋತರದ ಚುಂಗು ಒತ್ತಿಕೊಂಡು ಎರಡನ್ನೂ ಬರೆದರು. ಐದನೆಯದು ಬಂಡೆಯ ಕೆಳಗಿನ ದೊಡ್ಡ ಕರಿಮೀನು. ಅದು ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಬೀಸಿ ಬೀಸಿ ಸಾಹೇಬನ ನೊಣಗಳೆಲ್ಲ ದಂಡೆಯ ಜಾಲಿಮುಳ್ಳಿನ ಪಾಲಾದವು. ಅವನು ಕೆಂಪಗಾಗಿ ಚೀಲವನ್ನೆಲ್ಲ ಕೊಡವಿದ. ಬಿದ್ದದ್ದು ಪುಕ್ಕವಲ್ಲ, ಆ ಹುಕುಮು. ಅದನ್ನು ಒಂದು ಕಲ್ಲಿನ ಕೆಳಗಿಟ್ಟ.

ರಾಯರಿಗೆ ಬೆವರು ಕಿತ್ತುಬಂತು. ರುಮಾಲು ತೆಗೆದು ಗಾಳಿ ಹಾಕಿಕೊಂಡರು. ನೆತ್ತಿಯ ಹಿಂದೆ ಇಳಿಬಿದ್ದ ಮೊಳದುದ್ದದ ಶೆಂಡಿ, ಅರ್ಧ ಕಪ್ಪು, ಅರ್ಧ ಬಿಳಿ, ಎಣ್ಣೆಯಲ್ಲಿ ಮಿರಿಮಿರಿ ಮಿಂಚಿತು. ಸಾಹೇಬನ ಕಣ್ಣು ಅಲ್ಲೇ ನಿಂತಿತು.

“ರಾಯರೇ, ತಮ್ಮ ಕೇಶವು ಅತ್ಯುತ್ತಮವಾಗಿದೆ,” ಎಂದ, ಪರೀಕ್ಷೆಗೆ ಕೂತು ಕಲಿತ ಕನ್ನಡದಲ್ಲಿ. ಕೈಯಲ್ಲಿ ಕತ್ತರಿ.

ಪಾಂಡುರಂಗಾ! ಬರುವ ವಾರ ಅಪ್ಪನ ಶ್ರಾದ್ಧ. ಶೆಂಡಿಯಿಲ್ಲದ ತಲೆ ಹೊತ್ತು ಹೋದರೆ ಹೆಂಡತಿ ಅಂಬಾಬಾಯಿ ಹೊಸ್ತಿಲು ದಾಟಗೊಟ್ಟಾಳೆಯೇ? ರಾಯರು ಎರಡೂ ಕೈಯಿಂದ ಶೆಂಡಿ ಹಿಡಿದುಕೊಂಡರು. ಆದರೆ ಕಣ್ಣು ಕಲ್ಲಿನ ಕೆಳಗೆ ಪಟಪಟ ಅನ್ನುವ ಕಾಗದದ ಮೇಲೆ. ಶೆಂಡಿ ಮತ್ತೆ ಬೆಳೆದೀತು, ಅವ್ವಲ್ ಕಾರಕೂನಕಿ ಮತ್ತೆ ಬಂದೀತೇ? ಕಣ್ಣು ಮುಚ್ಚಿ ತಲೆ ಬಾಗಿಸಿದರು.

ಶೆಂಡಿಯ ಕೂದಲಿನಿಂದ ಕಟ್ಟಿದ ಮೊದಲನೆಯ ನೊಣ ಜಾಲಿಗೆ ಹೋಯಿತು. ಎರಡನೆಯದು ಬಂಡೆಗೆ ಸಿಕ್ಕು ಹರಿಯಿತು. ಪ್ರತಿ ಸಲವೂ ಕತ್ತರಿ ಬಂತು. ಮೂರನೆಯದು ನೀರು ಮುಟ್ಟಿದ್ದೇ ತಡ, ಕರಿಮೀನು ಗಬಕ್ಕನೆ ನುಂಗಿತು.

“ಬಿತ್ತು! ಬಿತ್ತು!” ಎಂದು ಎಲ್ಲರಿಗಿಂತ ಮೊದಲು ಕುಣಿದವರು ರಾಯರೇ. ಶೆಂಡಿ ಕಿರುಬೆರಳಷ್ಟು ಉಳಿದಿತ್ತು.

ಸಾಹೇಬ ಅವರ ಬೆನ್ನು ತಟ್ಟಿ, ಹುಕುಮು ತೆಗೆದು, ಹೆಸರು ತುಂಬಿ ಸಹಿ ಹಾಕಿದ. ರಾಯರು ಬಗ್ಗಿ ಓದಿದರು. ಯಜ್ಞೇಶ್ವರ ಅಂತ ಇತ್ತು.

ಅವರ ಕಣ್ಣಲ್ಲಿ ಫಳಕ್ಕನೆ ನೀರು ಬಂತು. “ಸಾಹೇಬ್ರ, ನನ್ನ ಕಡಿಂದ ತಪ್ಪೇನಾತ್ರಿ?”

“ತಪ್ಪೇ? ಛೇ! ತಮ್ಮನ್ನು ನಾನು ಹುಬ್ಬಳ್ಳಿಗೆ ಬಿಟ್ಟುಕೊಡುವುದುಂಟೇ? ಯಜ್ಞೇಶ್ವರನ ತಲೆಯಲ್ಲಿ ಒಂದು ಕೂದಲೂ ಇಲ್ಲ. ಅವನು ಹೋದರೆ ನನಗೆ ನಷ್ಟವಿಲ್ಲ.” ಸಾಹೇಬ ಕೋಲು ಬಿಚ್ಚಿ ಚೀಲಕ್ಕೆ ಸೇರಿಸಿದ. “ಈ ಕೇಶವು ಮತ್ತೆ ಬೆಳೆಯಲಿ. ಇನ್ನು ಮೇಲೆ ದಯಮಾಡಿ ಎಣ್ಣೆ ಹಚ್ಚಬೇಡಿ, ನೊಣ ಕಟ್ಟುವಾಗ ದಾರ ಜಾರುತ್ತದೆ.”

ಲಕ್ಕಪ್ಪ ಬೇರೆ ಕಡೆ ಮುಖ ತಿರುಗಿಸಿದ. ರಾಯರು ರುಮಾಲು ಇಟ್ಟುಕೊಂಡರು; ಅದು ಕಿವಿಯವರೆಗೆ ಜಾರಿತು.

“ಆಗಲ್ರಿ ಸಾಹೇಬ್ರ,” ಅಂದರು. ಹನ್ನೊಂದು ವರ್ಷದಲ್ಲಿ ಅವರು ಬೇರೆ ಉತ್ತರ ಕಲಿತಿರಲಿಲ್ಲ.