ಆ ಎರಡು ತಂತಿ ಜೋಡಿಸಬೇಡಿ

ಜನವರಿ ಬಂತೆಂದರೆ ನಮ್ಮ ಬೀದಿಯಲ್ಲಿ ಯಾರದಾದರೂ ಮನೆಯ ಫರ್ನೇಸ್ ಕೈಕೊಡಲೇಬೇಕು. ಈ ಸಲ ಕೈಕೊಟ್ಟದ್ದು ನನ್ನ ಪಕ್ಕದ ಮನೆಯ ಡುವೇನ್ ಹಲ್ವರ್ಸನ್‌ನದು. ಉತ್ತರ ಮಿನ್ನೆಸೋಟದ ಚಳಿ. ಅವತ್ತು ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು. ನೆಲಮಾಳಿಗೆಯ ಫರ್ನೇಸ್ ಗ್ಯಾಸ್ ಉರಿಸಿ ಬಿಸಿಗಾಳಿ ಮೇಲೆ ಕಳಿಸಿದರಷ್ಟೇ ಇಲ್ಲಿ ಮನೆ ಮನೆಯಾಗಿರುತ್ತದೆ. ಇಲ್ಲದಿದ್ದರೆ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತದೆ.

ಡುವೇನ್‌ನ ಫರ್ನೇಸ್ ಹತ್ತು ನಿಮಿಷ ಉರಿಯುತ್ತಿತ್ತು, ಆರುತ್ತಿತ್ತು. ಮತ್ತೆ ಹತ್ತಿಕೊಳ್ಳುತ್ತಿತ್ತು, ಮತ್ತೆ ಆರುತ್ತಿತ್ತು.

ಅವನ ಹೆಂಡತಿ ಮಾರ್ಲಿಸ್ ನನಗೆ ನಲವತ್ತು ವರ್ಷದಿಂದ ಗೆಳತಿ. ಮಾರ್ಲಿಸ್‌ಳ ತಂಗಿಯ ಮಗಳು ಬ್ರಿಟ್ಟಾ ಮಾಡುವುದೇ ಫರ್ನೇಸ್ ರಿಪೇರಿ ಕೆಲಸ. ಎರಡು ವರ್ಷ ಓದಿ, ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವಳು. ಸುದ್ದಿ ತಿಳಿದ ಕೂಡಲೇ ಫೋನ್ ಮಾಡಿದಳು. ಡುವೇನ್ ಸ್ಪೀಕರ್ ಹಾಕಿದ್ದ, ನಾನೂ ಅವರ ಅಡುಗೆಮನೆಯಲ್ಲೇ ಕೂತಿದ್ದೆ.

"ದೊಡ್ಡಪ್ಪ, ಅದನ್ನ ಮುಟ್ಬೇಡಿ. ಮಧ್ಯಾಹ್ನ ನಾನೇ ಬಂದು ನೋಡ್ತೀನಿ."

"ನೀನೇನೂ ಬರೋದು ಬೇಡ ತಾಯಿ," ಎಂದ ಡುವೇನ್. "ಮೂವತ್ತೊಂದು ವರ್ಷ ಸ್ಕೂಲ್ ಬಸ್ಸುಗಳ ಎಂಜಿನ್ ಬಿಚ್ಚಿ ಜೋಡಿಸಿದೀನಿ. ಈ ತಗಡಿನ ಡಬ್ಬ ನಂಗೆ ಬರಲ್ವಾ?"

"ಬಸ್ಸು ಕೆಟ್ರೆ ನಿಂತುಹೋಗತ್ತೆ ದೊಡ್ಡಪ್ಪ. ಇದು ಕೆಟ್ಟ ಮೇಲೂ ಉರೀತಾನೇ ಇರಬಹುದು. ಅದೇ ನಂಗೆ ಭಯ."

"ಲೇ, ನನ್ನ ತೊಡೆ ಮೇಲೆ ಕೂತು ಬಿಸ್ಕತ್ತು ತಿಂದೋಳು ನೀನು. ಈಗ ನಂಗೇ ಪಾಠ ಹೇಳ್ತೀಯಾ?"

ಅವನ ಹಟಕ್ಕೆ ಕಾರಣವೇ ಇರಲಿಲ್ಲ ಎನ್ನುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಯಾವನೋ ಒಬ್ಬ ರಿಪೇರಿಯವನು ಬಂದು, ಐದು ನಿಮಿಷ ಟಾರ್ಚ್ ಬಿಟ್ಟು ನೋಡಿ, "ಪೂರ್ತಿ ಹೋಗಿದೆ, ಹೊಸದೇ ಹಾಕಿಸ್ಬೇಕು" ಎಂದಿದ್ದ. ಆಮೇಲೆ ನೋಡಿದರೆ ಗಾಳಿ ಸೋಸುವ ಫಿಲ್ಟರ್ ಧೂಳು ಕಟ್ಟಿಕೊಂಡಿತ್ತು, ಅಷ್ಟೇ. ಅಂಥವರನ್ನು ನೆನೆದರೆ ನನಗೂ ಮೈ ಉರಿಯುತ್ತದೆ. ಒಬ್ಬ ಸುಳ್ಳು ಹೇಳಿ ಹೋಗುತ್ತಾನೆ, ಅವನ ಹಿಂದೆಯೇ ಹತ್ತು ಜನ ಸ್ಕ್ರೂಡ್ರೈವರ್ ಹಿಡಿದು ನೆಲಮಾಳಿಗೆಗೆ ಇಳಿಯುತ್ತಾರೆ.

ಡುವೇನೂ ಇಳಿದ. ಫೋನಿನಲ್ಲಿ ಒಂದು ವಿಡಿಯೊ ಹಾಕಿಕೊಂಡು, ಬೆಂಕಿ ಹತ್ತಿತೋ ಇಲ್ಲವೋ ಎಂದು ಗುರುತಿಸುವ ಕಡ್ಡಿಯನ್ನು ಉಜ್ಜಿ ಒರೆಸಿದ. ಒಂದು ದಿನ ಸರಿಹೋಯಿತು. ಮಾರನೆಯ ದಿನ ಮತ್ತೆ ಅದೇ ಕಥೆ. ಆಗ ಅವನ ಕಣ್ಣಿಗೆ ಒಂದು ಪುಟ್ಟ ಸ್ವಿಚ್ಚು ಬಿತ್ತು. ಜ್ವಾಲೆ ತನ್ನ ಜಾಗ ಬಿಟ್ಟು ಹೊರಕ್ಕೆ ನುಗ್ಗಿದರೆ ಗ್ಯಾಸ್ ನಿಲ್ಲಿಸುವ ಸ್ವಿಚ್ಚು ಅದು. ಫರ್ನೇಸನ್ನು ಆರಿಸುತ್ತಿದ್ದದ್ದು ಅದೇ. ಡುವೇನ್ ಅದರ ಎರಡು ತಂತಿ ಕಿತ್ತು, ಒಂದಕ್ಕೊಂದು ಹೊಸೆದು, ಟೇಪು ಸುತ್ತಿಬಿಟ್ಟ.

ಫರ್ನೇಸ್ ಹತ್ತಿಕೊಂಡಿತು. ಆಮೇಲೆ ಆರಲಿಲ್ಲ.

ಸಂಜೆ ನನ್ನನ್ನು ಕಾಫಿಗೆ ಕರೆದ. ಮನೆ ಬೆಚ್ಚಗಿತ್ತು. "ಎರಡು ತಂತಿ ಆರ್ಡಿಸ್, ಬರೀ ಎರಡು ತಂತಿ! ಇದಕ್ಕೆ ಆ ಹುಡುಗಿ ವ್ಯಾನ್ ತಗೊಂಡು ಬರ್ತಿದ್ಲಂತೆ!" ಎಂದು ನಕ್ಕ. ನಾನು ಏನೆಂದೆ ಗೊತ್ತೆ? "ಶಹಬ್ಬಾಸ್" ಎಂದೆ. ಅದನ್ನು ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಇಂಥವನಿಗೆ ಶಹಬ್ಬಾಸ್ ಹೇಳುವ ನೆರೆಯವರು ಪ್ರತಿ ಬೀದಿಯಲ್ಲೂ ಇದ್ದಾರೆ.

ಮೂರನೆಯ ದಿನ ಬೆಳಿಗ್ಗೆ ಮಲಗುವ ಕೋಣೆಯ ಹೊರಗಿನ, ವಿಷಗಾಳಿ ಪತ್ತೆಹಚ್ಚುವ ಅಲಾರಂ ಕೂಗಿಕೊಂಡಿತು. ಮಾರ್ಲಿಸ್ ಹೆದರಿದಳು.

"ಬ್ರಿಟ್ಟಾನ್ನ ಒಂದ್ಸಲ ಕೇಳೋಣ ಕಣ್ರೀ."

"ಎಲ್ಲದಕ್ಕೂ ಬ್ರಿಟ್ಟಾ! ಹಳೇ ಡಬ್ಬ ಅದು, ಸುಮ್ನೆ ಬಡ್ಕೊಳ್ಳತ್ತೆ." ಡುವೇನ್ ಸ್ಟೂಲ್ ಹತ್ತಿ ಅಲಾರಂ ಬಿಚ್ಚಿದ. ಬ್ಯಾಟರಿ ಕಿತ್ತು, ಎರಡನ್ನೂ ಅಡುಗೆಮನೆಯ ಡ್ರಾಯರಿಗೆ ಹಾಕಿದ.

ಅವನಿಗೇನು, ಹಗಲೆಲ್ಲ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತ ಕೂರುತ್ತಿದ್ದ. ಹಗಲೂ ರಾತ್ರಿ ಮನೆಯೊಳಗಿನ ಗಾಳಿ ಉಸಿರಾಡುತ್ತಿದ್ದವಳು ಮಾರ್ಲಿಸ್. ಅವಳಿಗೆ ತಲೆನೋವು ಶುರುವಾಯಿತು. ವಾಕರಿಕೆ, ಸುಸ್ತು. "ಫ್ಲೂ ಇರ್ಬೇಕು" ಎಂದಳು. ಗುರುವಾರ ಚರ್ಚಿನ ಅಡುಗೆಮನೆಗೆ ಬಂದಳು, ಆಲೂಗಡ್ಡೆ ಬೇಯಿಸುತ್ತ ಬೇಯಿಸುತ್ತ ಒಂದು ಗಂಟೆಯಲ್ಲಿ ತಲೆನೋವು ಇಳಿಯಿತು. ಮನೆಗೆ ಹೋದಳು, ಮತ್ತೆ ಬಂತು. ಹೊರಗೆ ಹೋದರೆ ಬಿಡುವ, ಮನೆಗೆ ಬಂದರೆ ಹಿಡಿಯುವ ಫ್ಲೂ ಎಲ್ಲಾದರೂ ಉಂಟೆ? ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಚರ್ಚಿನ ಊಟಕ್ಕೆ ಲೆಫ್ಸೆ, ಅಂದರೆ ನಮ್ಮ ಆಲೂಗಡ್ಡೆ ರೊಟ್ಟಿ, ಲಟ್ಟಿಸಬೇಕಿತ್ತು. ಮಾರ್ಲಿಸ್‌ಳನ್ನು ಕರೆದೊಯ್ಯಲು ಹೋದೆ. ಬಾಗಿಲು ತಟ್ಟಿದೆ, ಉತ್ತರವಿಲ್ಲ. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಬಾಗಿಲು ತಳ್ಳಿದೆ. ಅಡುಗೆಮನೆಯ ನೆಲದ ಮೇಲೆ ಅವಳು ಪಕ್ಕಕ್ಕೆ ವಾಲಿ ಬಿದ್ದಿದ್ದಳು. ಕೋಟಿನ ಒಂದು ತೋಳು ಹಾಕಿಕೊಂಡಿದ್ದಳು, ಇನ್ನೊಂದು ಹಾಗೆಯೇ ಇತ್ತು.

ಅರವತ್ತೇಳು ವರ್ಷದ ಮುದುಕಿ ನಾನು ಅವಳನ್ನು ಹೇಗೆ ಎಳೆದೆನೋ ದೇವರಿಗೇ ಗೊತ್ತು. ಕಂಕುಳಿಗೆ ಕೈ ಹಾಕಿ ಮೆಟ್ಟಿಲಿಳಿಸಿ ಹೊರಗಿನ ಹಿಮದ ಮೇಲಕ್ಕೆ ಎಳೆದೆ. ಅಷ್ಟರಲ್ಲೇ ನನ್ನ ತಲೆ ಗಿರ್ರೆನ್ನುತ್ತಿತ್ತು. ಹೊರಗೆ ನಿಂತೇ ತುರ್ತು ಸೇವೆಗೆ ಫೋನ್ ಮಾಡಿದೆ.

ಅಗ್ನಿಶಾಮಕ ದಳದವರು ಬಂದರು. ಅವರ ಕೈಯಲ್ಲಿದ್ದ ಮೀಟರು ಹೊಸ್ತಿಲಲ್ಲೇ ಕಿರುಚತೊಡಗಿತು. ಕಾರ್ಬನ್ ಮಾನಾಕ್ಸೈಡ್. ಆ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಾರ್ಲಿಸ್‌ಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕುತ್ತಿರುವಾಗ ಡುವೇನ್‌ನ ಟ್ರಕ್ಕು ಬಂತು. ಮೀನಿನ ಬಕೆಟ್ ಅವನ ಕೈಯಲ್ಲೇ ಇತ್ತು.

"ಏನಾಯ್ತು? ಏನಾಯ್ತವಳಿಗೆ?"

ದಳದವನು ಕೇಳಿದ: "ಸಾರ್, ಮನೇಲಿ ಅಲಾರಂ ಇಲ್ವಾ?"

"ಇದೆ."

"ಎಲ್ಲಿದೆ?"

ಡುವೇನ್ ಬಕೆಟ್ ಕೆಳಗಿಟ್ಟ. "ಡ್ರಾಯರಲ್ಲಿ," ಎಂದ.

ನಾನು ಸುಮ್ಮನಿರಬೇಕಿತ್ತೇನೋ. ಇರಲಿಲ್ಲ. ಇಡೀ ಬೀದಿಗೆ ಕೇಳುವಂತೆ ಕೂಗಿದೆ. "ಹಟ ನಿಂದು, ಉಸಿರು ಕಟ್ಟಿದ್ದು ಅವಳಿಗೆ! ನೀನು ಆರಾಮಾಗಿ ಕೆರೇಲಿ ಕೂತಿದ್ದೆಯಲ್ಲೋ! ಎಂಜಿನ್ ಬಿಚ್ಚೋನಂತೆ!" ಅವನು ಆಂಬುಲೆನ್ಸ್ ಹತ್ತಿ ಹೆಂಡತಿಯ ಕಾಲ ಬಳಿ ಕೂತ.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವಳು ಒಂಬತ್ತು ದಿನ ಇದ್ದಳು. ಮನೆಯ ಕೊಳವೆಗಳು ಒಡೆಯದಂತೆ ಬ್ರಿಟ್ಟಾ ಅವತ್ತೇ ನೀರು ಖಾಲಿ ಮಾಡಿದ್ದಳು. ಆರನೆಯ ದಿನ ಬಟ್ಟೆ ಒಯ್ಯಲು ಡುವೇನ್ ಮನೆಗೆ ಬಂದಾಗ ಬ್ರಿಟ್ಟಾ ಫರ್ನೇಸ್ ಬಿಚ್ಚುತ್ತಿದ್ದಳು. ನಾನು ಟಾರ್ಚ್ ಹಿಡಿದಿದ್ದೆ.

"ಇಲ್ಲಿ ಬನ್ನಿ ದೊಡ್ಡಪ್ಪ. ಕಣ್ಣಾರೆ ನೋಡಿ." ಬೆಂಕಿ ಉರಿಯುವ ಕಬ್ಬಿಣದ ಗೂಡಿನಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಬಿರುಕು. "ಫ್ಯಾನ್ ಗಾಳಿ ಈ ಬಿರುಕಲ್ಲಿ ನುಗ್ಗಿ ಜ್ವಾಲೆನ ಹೊರಕ್ಕೆ ತಳ್ತಿತ್ತು. ಚಿಮಣಿಗೆ ಹೋಗ್ಬೇಕಾದ ವಿಷ ಮನೆಯೊಳಗೆ ಬರ್ತಿತ್ತು. ಆ ಸ್ವಿಚ್ಚು ಕೆಟ್ಟಿರಲಿಲ್ಲ. ಈ ಫರ್ನೇಸಲ್ಲಿ ತನ್ನ ಕೆಲಸ ಸರಿಯಾಗಿ ಮಾಡ್ತಿದ್ದದ್ದು ಅದೊಂದೇ. ಅದು ಬೇಡ ಬೇಡ ಅಂತಿತ್ತು. ನೀವು ಬಾಯಿ ಕಟ್ಟಿದ್ರಿ."

ಡುವೇನ್ ಮೆಟ್ಟಿಲ ಮೇಲೆ ಕುಸಿದು ಕೂತ. ಅಲ್ಲಿಂದಲೇ ಕೇಳಿದ: "ಹಾಗಾದ್ರೆ ನಾನು ಏನೂ ಮುಟ್ಟಲೇಬಾರ್ದಾ?"

"ಯಾರು ಹಾಗಂದ್ರು? ತಿಂಗಳಿಗೊಮ್ಮೆ ಫಿಲ್ಟರ್ ನೋಡಿ, ಬದಲಾಯಿಸಿ. ಹೊರಗಿನ ಹೊಗೆ ಕೊಳವೆ ಬಾಯಿಗೆ ಹಿಮ ಕಟ್ಟಿದ್ರೆ ಕೆದಕಿ ತೆಗೀರಿ. ಗೋಡೆ ಮೇಲಿನ ಥರ್ಮೋಸ್ಟಾಟ್ ಬ್ಯಾಟರಿ ನೋಡಿ, ಫ್ಯೂಸ್ ನೋಡಿ. ಅದೆಲ್ಲ ನಿಮ್ಮ ಕೆಲಸ. ಗ್ಯಾಸು, ಬೆಂಕಿ, ಒಳಗಿನ ತಂತಿ ಇವು ಮಾತ್ರ ಕಲಿತವರ ಕೆಲಸ."

"ಹೋದ ವರ್ಷ ಬಂದವನೂ ಕಲಿತವನೇ."

"ಅಂಥವನು ಸಿಕ್ರೆ ಲೈಸೆನ್ಸ್ ತೋರ್ಸು ಅನ್ನಿ. ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ತೋರ್ಸು ಅನ್ನಿ. ತೋರಿಸದಿದ್ರೆ ಬಾಗಿಲು ತೋರ್ಸಿ, ಇನ್ನೊಬ್ಬರನ್ನ ಕರೀರಿ. ಕಳ್ಳ ಡಾಕ್ಟರು ಇದಾನೆ ಅಂತ ಮನೇಲೇ ಹೊಟ್ಟೆ ಕೊಯ್ಕೋತೀವಾ?"

ಡುವೇನ್ ತಲೆ ತಗ್ಗಿಸಿದ. "ನೀನೇ ಹಾಕಮ್ಮ ಹೊಸದು. ನಾನು ಮೇಲೆ ಇರ್ತೀನಿ," ಎಂದ.

ಮಾರ್ಲಿಸ್ ಮನೆಗೆ ಬಂದಳು. ಬದುಕಿದಳು, ಸರಿ. ಆದರೆ ಪೂರ್ತಿ ಬಂದಳು ಎಂದು ನಾನು ಹೇಳಲಾರೆ. ಬಾಲ್ಯದಿಂದ ಲೆಫ್ಸೆ ಮಾಡುತ್ತ ಬಂದ ಕೈ ಅದು. ಮೊನ್ನೆ ಹಿಟ್ಟಿನ ಮುಂದೆ ನಿಂತು "ಉಪ್ಪು ಹಾಕಿದ್ನಾ ಆರ್ಡಿಸ್?" ಎಂದಳು. ಹಾಕಿದ್ದೀಯ ಎಂದೆ. ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳಿದಳು. ಐದನೆಯ ಸಲ ಡುವೇನ್ ಎದ್ದು ಬಂದು ಅವಳ ಭುಜ ಹಿಡಿದು, "ಹಾಕಿದೀಯ ಕಣೇ, ಚೆನ್ನಾಗಿದೆ," ಎಂದ. ವಿಷಗಾಳಿ ಮಿದುಳಿಗೆ ಪೆಟ್ಟು ಕೊಟ್ಟಿದೆಯಂತೆ. ಡಾಕ್ಟರು ಇದು ಸರಿಹೋಗಬಹುದು ಎಂದಿದ್ದಾರೆ, ಸರಿಹೋಗುತ್ತದೆ ಎಂದಿಲ್ಲ.

ಇದನ್ನು ಬರೆಯುತ್ತೇನೆ, ಹೆಸರು ಬದಲಾಯಿಸುತ್ತೇನೆ ಎಂದು ಅವನಿಗೆ ಹೇಳಿದ್ದೆ. "ಬದಲಾಯಿಸ್ಬೇಡ," ಎಂದ. "ನನ್ನ ಹೆಸರೇ ಹಾಕು. ಯಾರಾದ್ರೂ ಬಂದು ಮುಖಕ್ಕೆ ಉಗಿದ್ರೂ ಪರವಾಗಿಲ್ಲ."

ಅವನ ಮುಖಕ್ಕೆ ಉಗಿಯಬೇಡಿ. ನಿಮ್ಮ ಮನೆ ನೋಡಿಕೊಳ್ಳಿ. ಫರ್ನೇಸೇ ಆಗಬೇಕೆಂದಿಲ್ಲ, ಬಚ್ಚಲುಮನೆಯ ಗ್ಯಾಸ್ ಗೀಸರಾಗಲಿ, ಮುಚ್ಚಿದ ಕೋಣೆಯ ಕೆಂಡದ ಅಗ್ಗಿಷ್ಟಿಕೆಯಾಗಲಿ, ವಿಷ ಒಂದೇ. ಯಂತ್ರ ತಾನಾಗಿಯೇ ನಿಂತರೆ ಅದಕ್ಕೊಂದು ಕಾರಣವಿದೆ ಎಂದು ತಿಳಿಯಿರಿ. ಬಲವಂತವಾಗಿ ಓಡಿಸಬೇಡಿ, ಕಲಿತವರನ್ನು ಕರೆಸಿ. ಹಾಗೆ ಓಡಿಸಿದೆ ಎಂದು ಬೀಗುವ ನೆರೆಯವನಿಗೆ ಶಹಬ್ಬಾಸ್ ಹೇಳಬೇಡಿ, ಬೈಯಿರಿ. ಮನೆಯಲ್ಲಿ ಒಬ್ಬರಿಗೆ ತಲೆ ನೋಯುತ್ತಿದ್ದು ಹೊರಗೆ ಹೋದರೆ ಬಿಡುತ್ತಿದ್ದರೆ, ಅಥವಾ ಅಲಾರಂ ಕೂಗಿದರೆ, ಯೋಚಿಸುತ್ತ ಕೂರಬೇಡಿ. ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ, ಹೊರಗಿನಿಂದಲೇ ಫೋನ್ ಮಾಡಿ. ಹೊರಗೆ ಚಳಿ ಎನ್ನುವಿರಾ? ಪಕ್ಕದ ಮನೆಯ ಬಾಗಿಲು ಬಡಿಯಿರಿ. ನಮ್ಮ ಬೀದಿಯವರಾದರೆ ನನ್ನ ಮನೆಯ ಬಾಗಿಲು ಬಡಿಯಿರಿ, ಯಾವ ಹೊತ್ತಾದರೂ ಸರಿ. ತೆರೆಯುತ್ತೇನೆ.