ತೂತಿನ ಡೋಲು, ಕದ್ದ ದಾಸವಾಳ

ನಾನು ಬಟ್ಟೆ ಒಗೆಯುವ ಯಂತ್ರದ ಹೊಟ್ಟೆಯೊಳಗಿನ ಸ್ಟೀಲ್ ಡೋಲು. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನಗೆ ಮೈತುಂಬ ತೂತು ಕೊರೆದರು. ಹುಬ್ಬಳ್ಳಿಯ ಒಂದು ಮನೆಯಲ್ಲಿ ವರ್ಷಗಟ್ಟಲೆ ಗಿರಗಿರ ತಿರುಗಿದೆ. ಮೋಟಾರು ಸತ್ತಾಗ ಗುಜರಿಗೆ ಬಿದ್ದೆ.

ಅಲ್ಲಿಂದ ನನ್ನನ್ನು ಎತ್ತಿ ತಂದವಳು ನೀಲಕ್ಕ, ನಿವೃತ್ತ ನರ್ಸು. ಹಿತ್ತಿಲ ಮಣ್ಣಿನಲ್ಲಿ ಆಡಿ ಬೆಳೆದವಳು, ಈಗ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಬೋಳು ತಾರಸಿಯ ಮೇಲೆ ಸೀಮೆಸುಣ್ಣದಿಂದ ತೋಟದ ನಕ್ಷೆ ಬರೆದಳು. ಅಂಚಿನ ಕಟ್ಟೆಯ ಬದಿಗೆ ಹೀರೆಯ ಚಪ್ಪರ, ನೆರಳಿಗೆ ಪುದೀನ, ಚೆಂದ ಕಾಣಲೆಂದು ನಟ್ಟನಡುವೆ ನಾನು. ಹಗುರವಾಗಿರಲೆಂದು ನನಗೆ ತೆಂಗಿನ ನಾರಿನ ಪುಡಿ ಬೆರೆಸಿದ ಗೊಬ್ಬರ ತುಂಬಿದಳು.

ಕೇಳಿ ತಂದ ಕಡ್ಡಿ ಬೇರು ಬಿಟ್ಟು ಹತ್ತುವುದಿಲ್ಲ, ಕದ್ದದ್ದೇ ಹತ್ತುವುದು ಎಂಬುದು ಇಲ್ಲಿನ ಹೆಂಗಸರ ಶಾಸ್ತ್ರ. ಹಾಗಾಗಿ ನೀಲಕ್ಕ ಕೆಳಗಿನ ಮನೆಯೊಡತಿ ಸಾವಂತ್ರಕ್ಕನ ಅಂಗಳದಿಂದ ದಾಸವಾಳದ ಕಡ್ಡಿಯೊಂದನ್ನು ಸೆರಗಿನಲ್ಲಿ ಮುಚ್ಚಿ ತಂದು ನನ್ನಲ್ಲಿ ನೆಟ್ಟಳು. ಹತ್ತಿತು ನೋಡಿ! ಕ್ರಮೇಣ ಇಡೀ ತಾರಸಿ ಹಸಿರಾಯಿತು. ನೀಲಕ್ಕನಿಗೆ ಗಿಡಗಳ ನಡುವೆ ಕೂತರಷ್ಟೇ ಊಟ ಸೇರುತ್ತಿತ್ತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ತೂತುಗಳಿಂದ ಇಳಿದ ನೀರು ತಾರಸಿಯಲ್ಲಿ ಇಂಗಿ ಸಾವಂತ್ರಕ್ಕನ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಮೊಣಕಾಲು ನೋವಿನ ಆಕೆ ಮೊದಲ ಸಲ ಮೆಟ್ಟಿಲು ಹತ್ತಿ ಬಂದಳು.

"ಐತವಾರದೊಳಗ ಈ ಅಡವಿ ಎಲ್ಲಾ ಕೆಳಗ ಇಳೀಬೇಕು. ಒಂದು ಕುಂಡಾನೂ ಉಳೀಬಾರ್ದು!"

ನನಗೆ ಜೀವ ಹೋದಂತಾಯಿತು.

ಅಷ್ಟರಲ್ಲಿ ಸಾವಂತ್ರಕ್ಕನ ಕಣ್ಣು ನನ್ನ ಹೂವಿನ ಮೇಲೆ ಬಿತ್ತು. ಅರಿಷಿಣದ ದಳ, ನಡುವೆ ಕುಂಕುಮ.

"ಇದು ನಮ್ಮವ್ವ ಹಚ್ಚಿದ್ದ ದಾಸಾಳ ಅಲ್ಲೇನು? ಕೆಳಗಿಂದು ಸುಣ್ಣ ಹಚ್ಚಾವ್ರು ತುಳದು ಸತ್ತ ಹೋತು."

"ಹೌದ್ರಿ ಅಕ್ಕಾರ. ಅದು ಇದ್ದಾಗ ನಾನ ಒಂದು ಕಡ್ಡಿ ಕದ್ದಿದ್ದೆ."

ಸಾವಂತ್ರಕ್ಕ ಹೂವನ್ನು ಸವರುತ್ತ ನಿಂತಳು. ಕಣ್ಣು ತುಂಬಿತ್ತು. ನೀಲಕ್ಕ ಒಂದು ಕಡ್ಡಿ ಮುರಿದು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು.

"ಕೊಟ್ಟದ್ದು ಹತ್ತೂದಿಲ್ಲವಾ. ನೀ ಆ ಕಡೆ ಮಾರಿ ಮಾಡು."

ನೀಲಕ್ಕ ಗೋಡೆಯತ್ತ ತಿರುಗಿದಳು. ನನ್ನ ಗಿಡದಲ್ಲಿ ಚಟ್ಟೆಂದು ಸದ್ದಾಯಿತು.

ಮೆಟ್ಟಿಲಿಳಿಯುತ್ತ ಸಾವಂತ್ರಕ್ಕ ಹೇಳಿದಳು: "ಐತವಾರ ಗೌಂಡಿ ಬರ್ತಾನ, ತಾರಸಿಗೆ ಸಿಮೆಂಟ ಹಾಕಸೋಣು. ಆ ತೂತಿನ ಡೋಲು ಅಷ್ಟ ನಡುವಿಂದ ಸರಸು."

ಅಂದಿನಿಂದ ನಾನು ನೀರು ಹರಿದುಹೋಗುವ ಮೂಲೆಯಲ್ಲಿ, ಇಟ್ಟಿಗೆಗಳ ಮೇಲೆ ಇದ್ದೇನೆ. ಹೊಳಪು ಮಾಸಿದೆ, ಒಂದು ಕಡೆ ಬಿರುಕು ಬಿಟ್ಟಿದ್ದೇನೆ. ತಿರುಗುವಾಗ ಯಾರೂ ನನ್ನತ್ತ ನೋಡಲಿಲ್ಲ. ನಿಂತ ಮೇಲೆ ಹೂ ಬಿಟ್ಟೆ ಎಂಬ ಸಂತೋಷ ನನಗಿದೆ.

ಕಟ್ಟೆಯ ಸಂದಿಯಿಂದ ಕೆಳಗಿನ ಅಂಗಳ ಕಾಣುತ್ತದೆ. ಅಲ್ಲೂ ಈಗ ಅದೇ ಅರಿಷಿಣದ ಹೂ. ಮೊನ್ನೆ ಎದುರುಮನೆಯ ಹೊಸ ಸೊಸೆ ಅತ್ತಿತ್ತ ನೋಡುತ್ತ ಗಿಡದ ಹತ್ತಿರ ಬಂದಳು. ಬಾಗಿಲಲ್ಲಿ ಕೂತಿದ್ದ ಸಾವಂತ್ರಕ್ಕ ಮೆಲ್ಲನೆ ಗೋಡೆಯತ್ತ ಮುಖ ತಿರುಗಿಸಿದಳು.